ಬಿಳಿ ಸೀತಾಳೆ ದಂಡೆ

ಚನ್ನಗಿರಿಯ ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ಕುಡಿದ ಕಾಫಿ ನನಗೆ ಯಾವತ್ತೂ ಅರಗಿದ್ದಿಲ್ಲ. ಅವರ ಮಾವಿನ ಮರದಲ್ಲಿ ಬಿಳಿ ಸೀತಾಳೆ ದಂಡೆ, ಮರದ ಮೇಲೇ ಬೇರೂರುವ ಆರ್ಕಿಡ್ ಹೂವು, ಜಡೆಯಂಗೆ ತೂಗುತ್ತಿತ್ತು. ಹೊನ್ನಾಳಿಯ ನನ್ನ ಹಿತ್ತಲಲ್ಲೂ ಆರ್ಕಿಡ್‌ಗಳಿದ್ದವು, ಸೀತಾಳೆಯೂ ಇತ್ತು, ಆದರೆ ಎಲ್ಲರ ಮನೆಯಲ್ಲಿರುವ ಗುಲಾಬಿ ಚುಕ್ಕಿಯದು. ಹಾಲಿನಂಥ ಬಿಳುಪು ಅವರೊಬ್ಬರದೇ. ಒಂದು ತುಂಡು ಕೇಳಿದರೆ ಇನ್ನೊಂದು ಲೋಟ ಕಾಫಿ ಕೊಡುತ್ತಿದ್ದರು.

ಎಂಬತ್ತನೇ ಇಸವಿಯ ಸುಮಾರಿಗೆ ಪಂಪ್‌ಸೆಟ್ ರಿಪೇರಿಗೆಂದು ಗೋವಿನಕೋವಿಗೆ ಹೋದಾಗ, ಒಂದು ಮನೆಯ ಹಲಸಿನ ಮರದಲ್ಲಿ ಅದೇ ಬಿಳಿ ದಂಡೆ ಕಂಡಿತು. ಪಂಪು ಮರೆತೇಹೋಯಿತು. ಮನೆಯ ಅಜ್ಜಿಯನ್ನು ಕೇಳಿದೆ.

"ಕೊಟ್ಟ ಗಿಡ ಚಿಗುರಲ್ಲ ಕಣ್ರೀ, ಕದ್ದಿದ್ದೇ ಚಿಗುರಾದು" ಅಂದರು.

ನಾನು ಪೆಚ್ಚಾಗಿ ನಿಂತೆ.

"ಹಂಗೇ ನಿಂತ್ರೆ ಹೆಂಗೆ? ನಾನು ಒಳಗೆ ಹೋಗಿ ಕಾಫಿ ಕಾಸ್ತೀನಿ. ಏಣಿ ಕೊಟ್ಟಿಗೇಲಿ ಐತೆ."

ಏಣಿ ಮೇಲೆ ನಿಂತು ಬೇರು ಬಿಡಿಸುತ್ತಿದ್ದಾಗ ಒಳಗಿಂದ ಕೂಗಿದರು: "ಕದ್ದಾತೇನ್ರೀ? ಕಾಫಿ ಆರತೈತೆ!"

ಎರಡು ವರ್ಷಕ್ಕೆ ನನ್ನ ದಂಡೆ ಮೇಷ್ಟ್ರದಕ್ಕಿಂತ ಗೇಣುದ್ದ ಹೆಚ್ಚೇ ಇಳಿಬಿತ್ತು. ಕರೆಸಿ ತೋರಿಸಿದೆ. ಅವರ ಮುಖ ಸಣ್ಣಗಾಯಿತು. ನನ್ನ ಹೊಟ್ಟೆ ತಣ್ಣಗಾಯಿತು.

"ನನಗೂ ಒಂದು ತುಂಡು ಕೊಡ್ರೀ" ಅಂದರು.

"ಕೊಟ್ಟಿದ್ದು ಚಿಗುರಲ್ಲ ಮೇಷ್ಟ್ರೇ, ಕದ್ದಿದ್ದೇ ಚಿಗುರೋದು!" ಅಂತ ಬೀಗಿದೆ. ಬಾಯಿ ಸುಮ್ಮನಿರಬಾರದಿತ್ತೇ?

ಆಮೇಲೆ ಮೇಷ್ಟ್ರು ವಾರವಾರವೂ ಬರತೊಡಗಿದರು, ಹೆಗಲಿಗೊಂದು ಚೀಲ ಬೇರೆ. ಮರದ ಕೆಳಗೇ ಕೂತು "ಕಾಫಿ ಇಲ್ವೇನ್ರೀ?" ಅನ್ನುತ್ತಿದ್ದರು.

ಕಾಸಾಕೆ ಒಳಗೆ ಹೋಗಬೇಕಲ್ಲ! "ಹಾಲು ಒಡೆದೈತ್ರೀ" ಅಂದು ನಾನೂ ಅಲ್ಲೇ ಕೂರುತ್ತಿದ್ದೆ.