ಪರದೆ ಬೀಳದ ದಿನ ಡ್ರಿಲ್ ಮೇಷ್ಟ್ರು

ಹೊಳಲ್ಕೆರೆ ಕಡೆಯ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದಾಗ ನಮಗೊಬ್ಬರು ಡ್ರಿಲ್ ಮೇಷ್ಟ್ರಿದ್ದರು. ಟೀ ಕುಡಿಯಲು ಕೂತ ನಮಗೂ, "ಎದೆ ಎತ್ತಿ ಕುಂತ್ಕಳ್ರಿ ಸಾರ್" ಎನ್ನದೆ ಬಿಡುತ್ತಿರಲಿಲ್ಲ.

ಒಂದು ವರ್ಷ ಸ್ಕೂಲ್ ಡೇಗೆ ನಾನು ಹುಡುಗರಿಂದ ಐತಿಹಾಸಿಕ ನಾಟಕ ಆಡಿಸಿದೆ. ಡ್ರಿಲ್ ಮೇಷ್ಟ್ರು ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಮಂಡಿಯ ಮೇಲೆ ಕೈಯಿಟ್ಟು ನೆಟ್ಟಗೆ ಕೂತಿದ್ದರು. ಯುದ್ಧದಲ್ಲಿ ಸೈನಿಕರೆಲ್ಲ ಸತ್ತುಬಿದ್ದರು. ರಾಜ ಅವರ ನಡುವೆ ನಿಂತು ಗೋಳಾಡಿ ಮುಗಿಸಿದ. ಆಗ ಪರದೆ ಬೀಳಬೇಕಿತ್ತು. ಹಗ್ಗ ಸಿಕ್ಕಿಕೊಂಡು ಅಲ್ಲಾಡಲಿಲ್ಲ. ರಾಜ ಮತ್ತೆ ಮೊದಲಿನಿಂದ ಅತ್ತ. ಹೆಣವೊಂದು ಮೂಗು ಕೆರೆದುಕೊಂಡಿತು.

"ಲೇ, ಹೆಣಕ್ಕೆ ಇನ್ನೂ ಜೀವ ಐತೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ಗೊಳ್ಳೆಂದು ನಕ್ಕರು. ಇಷ್ಟು ದಿನದ ಶ್ರಮ ಹಾಳಾಯಿತೆಂದು ನಾನು ತಲೆ ತಗ್ಗಿಸಿದೆ.

ಪಕ್ಕದಲ್ಲೇ ಸೀಟಿ ಮೊಳಗಿತು. ಡ್ರಿಲ್ ಮೇಷ್ಟ್ರು ಎದ್ದು ನಿಂತಿದ್ದರು.

"ಅಟೆನ್ಷನ್! ಲೆಫ್ಟ್ ಟರ್ನ್! ಕ್ವಿಕ್ ಮಾರ್ಚ್!"

ಹೆಣಗಳು ತಟ್ಟನೆ ಎದ್ದು ಸಾಲಾಗಿ ಒಳಕ್ಕೆ ನಡೆದವು. ಒಂಟಿಯಾದ ರಾಜ ಪಿಳಿಪಿಳಿ ನೋಡಿ, ಕತ್ತಿಯನ್ನು ಹೆಗಲಿಗೇರಿಸಿ ಅವುಗಳ ಹಿಂದೆಯೇ ಹೊರಟ. ಚಪ್ಪಾಳೆ ನಿಲ್ಲಲೇ ಇಲ್ಲ.

ನಾನು ಅವರ ಕೈಹಿಡಿದು, "ನಾಟಕ ಉಳಿಸಿದ್ರಿ ಮೇಷ್ಟ್ರೇ" ಎಂದೆ.

ಅವರಿಗೆ ಸಮಾಧಾನವಿರಲಿಲ್ಲ. "ಏನ್ ಉಳೀತು ಬಿಡ್ರಿ ಸಾರ್? ಸತ್ತೋರೆಲ್ಲ ಸರಿಯಾಗಿ ಹೆಜ್ಜೆ ಹಾಕಿದ್ರು. ಬದುಕಿದ್ದ ರಾಜಂದೇ ಕಾಲು ತಪ್ತು!"