ನಾಗಲಿಂಗ ಪುಷ್ಪದ ಅರ್ಥ

ಚಿಂಚೋಳಿ ಬಳಿಯ ಒಂದು ನರ್ಸರಿಗೆ ಗಿಡಗಳ ಹೆಸರು, ಅರ್ಥಗಳ ಫಲಕ ಬರೆಯಲು ಹೋಗಿದ್ದೆ. ಮರುದಿನ ಹೊಸ ಮಾಲೀಕರು ಬರುವವರಿದ್ದರು. ಎಲ್ಲ ಗಿಡಗಳ ಹೆಸರು ಹೇಳಬಲ್ಲವರಿಗಷ್ಟೇ ಕೆಲಸ ಉಳಿಯುತ್ತದೆ ಎಂದು ಹೇಳಿಕಳಿಸಿದ್ದರು. ಗಿಡಗಳಿಗೆ ನೀರು ಹಾಕುವ ಶಾಂತಮ್ಮ ನನ್ನ ಮುಂದೆ ಎಲ್ಲ ಹೆಸರನ್ನೂ ಪಟಪಟನೆ ಒಪ್ಪಿಸಿ, ನಾಗಲಿಂಗ ಪುಷ್ಪದ ಸಸಿಯೆದುರು ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟರು.

“ಹೇಳ್ರಿ.”

“ಹ್ಯಾಂಗ ಹೇಳ್ಲಿರಿ ಸರ? ನಮ್ಮ ಮನಿಯವರ ಹೆಸರದು.”

ಹಾಗಾದರೆ ವೈಜ್ಞಾನಿಕ ಹೆಸರು ಹೇಳಿ ಎಂದು ‘ಕೌರೌಪಿಟಾ ಗಯಾನೆನ್ಸಿಸ್’ ಕಲಿಸಿದೆ. ಗಯಾನಾ ದೇಶದ್ದು ಎಂದು ಅರ್ಥ ಎಂದೂ ವಿವರಿಸಿದೆ.

“ನಮ್ಮ ಮನಿಯವರು ಇಲ್ಲೇ ಬಾಜೂಕಿನ ಸುಲೇಪೇಟ ಸುದ್ದಾ ದಾಟಿಲ್ಲ ಬಿಡ್ರಿ” ಎಂದರು. ಆದರೂ ಸಂಜೆಯವರೆಗೆ ಬಾಯಿಪಾಠ ಮಾಡಿದರು.

ಮರುದಿನ ಒಂದಕ್ಷರ ತಪ್ಪದೆ ಹೇಳಿದರು. ಮಾಲೀಕರು ಬೆರಗಾದರು.

“ಭಾಳ ಛಲೋ! ಹಂಗಂದ್ರೇನು?”

“ನಮ್ಮ ಮನಿಯವ್ರು ರೀ.”

ಕೆಲಸ ಉಳಿಯಿತು. ಇಷ್ಟು ಕಷ್ಟದ ಹೆಸರು ಹೇಳಿದವರು ಅರ್ಥ ತಪ್ಪು ಹೇಳಲಾರರು ಎಂಬುದು ಮಾಲೀಕರ ವಾದ. ಅವರ ಆಜ್ಞೆಯಂತೆ ಫಲಕದಲ್ಲಿ ಅರ್ಥ ಎಂಬಲ್ಲಿ ‘ಶಾಂತಮ್ಮನ ಗಂಡ’ ಎಂದು ಬರೆದೆ. ಗಿಡ ಕೊಳ್ಳಲು ಬರುವವರಿಗೆ ಗಯಾನಾಕ್ಕಿಂತ ಅವರೇ ಹತ್ತಿರ ಎಂಬುದನ್ನು ನಾನೂ ಒಪ್ಪುತ್ತೇನೆ.