ಕತ್ತಿಯಿಲ್ಲದ ಕಾದಂಬರಿಯ ಸಾಕಮ್ಮ

ಸಾಕಮ್ಮ ನಿಂತುಕೊಂಡೇ ಬರೆಯುತ್ತಿದ್ದರು. ಕೂತರೆ ನಿದ್ದೆ ಬಂದುಬಿಡುತ್ತದೆ ಎನ್ನುತ್ತಿದ್ದರು. ಮಂಡ್ಯದಲ್ಲಿ ನಮ್ಮ ಪಕ್ಕದ ಮನೆ ಅವರದು. ಅಡುಗೆಮನೆಯ ಕಿಟಕಿಕಟ್ಟೆಯೇ ಮೇಜು. ರಾಗಿ ಬೀಸಿ, ನೀರು ಸೇದಿ, ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಬಂದ ಕೈ. ಬೆರಳ ಸಂದಿಯಲ್ಲಿ ಹಿಟ್ಟು ಇದ್ದೇ ಇರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲ, ಕಾಗದಕ್ಕೆ ಬರ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಬರೆಯುವರು, ಹೊಡೆದುಹಾಕುವರು, ಮತ್ತೆ ಬರೆಯುವರು. ಕಾನ್ವೆಂಟಿನಲ್ಲಿ ತಿದ್ದಿಸಿದ ನನ್ನ ದುಂಡು ಅಕ್ಷರ ಅವರಿಗೆ ಇಷ್ಟವಾಗಿ, ಶುದ್ಧಪ್ರತಿಯ ಕೆಲಸ ನನ್ನ ಪಾಲಿಗೆ ಬಂತು.

ಅದು ಅವರ ತವರೂರು ಮಳವಳ್ಳಿಯಲ್ಲಿ ಸುಲ್ತಾನರ ಕಾಲದಲ್ಲಿ ನಡೆದ ಕಾಳಗದ ಕಾದಂಬರಿ. ಆದರೆ ಕಾಳಗಕ್ಕೆ ಅದರಲ್ಲಿ ಒಂದೇ ವಾಕ್ಯ. ಮಿಕ್ಕದ್ದೆಲ್ಲ ಮಾರನೆಯ ದಿನದ್ದು: ಕುದುರೆಗಳು ತುಳಿದು ರಾಡಿಯಾದ ಕೆರೆ, ಆ ನೀರನ್ನು ಸೆರಗಿನಲ್ಲಿ ಸೋಸುವ ಹೆಂಗಸರು. ಸಾಕಮ್ಮನವರ ಅಜ್ಜಿ ಹೇಳುತ್ತಿದ್ದ ಸಂಗತಿಯಂತೆ ಅದು. ಚರಿತ್ರೆ ಎಂದಮೇಲೆ ರಾಜರು ಬರಬೇಡವೇ ಎಂದು ನಾನು ಮೆಲ್ಲಗೆ ಕೇಳಿದೆ.

“ಗೆದ್ದೋರ್ನ ಬರ್ಯೋಕೆ ಗಂಡಸ್ರು ಅವ್ರೆ ಕಣಮ್ಮ. ಅವತ್ತು ಒಲೆ ಅಚ್ಚಿದ್ದು ಯಾರು ಅಂತ ಯಾವ ಮಹಾರಾಯ ಬರ್ದವ್ನೆ?”

ಮೈಸೂರಿನ ಪ್ರಕಾಶಕರು ಹಸ್ತಪ್ರತಿ ಹಿಂದಿರುಗಿಸಿದರು. ಭಾಷೆ ಚೆನ್ನಾಗಿದೆ, ನಾಯಕಿಯ ಕೈಗೊಂದು ಕತ್ತಿ ಕೊಟ್ಟರೆ ಅಚ್ಚು ಹಾಕಿಸುತ್ತೇವೆ ಎಂದಿದ್ದರು. ಶಾಲೆಯಲ್ಲಿ ಮೇಷ್ಟ್ರಾಗಿದ್ದ ಸಾಕಮ್ಮನವರ ಗಂಡ, ಕಾಗದದ ಕತ್ತಿ ತಾನೇ, ಕೊಟ್ಟುಬಿಡು ಎಂದು ನಕ್ಕರು. ಸಾಕಮ್ಮ ನಗಲಿಲ್ಲ.

“ಕತ್ತಿ ಇಡ್ಕೊಂಡೋಳ್ಗೆ ಮುದ್ದೆ ತಿರುವಿ ಇಕ್ಕೋಳು ಯಾರು? ನಂಗೆ ಅವ್ಳು ಬೇಕು.”

ಆದರೂ ಪುಸ್ತಕ ಕಣ್ಣಲ್ಲಿ ನೋಡುವ ಆಸೆ. ಒಂದು ಮಧ್ಯಾಹ್ನ ಹಪ್ಪಳ ಒತ್ತಿದಂತೆ ಸರಸರನೆ ಕತ್ತಿಯ ಅಧ್ಯಾಯ ಬರೆದು ನನ್ನ ಕೈಗಿಟ್ಟರು. ಅದರಲ್ಲಿ ಹೊಡೆದುಹಾಕಿದ ಮಾತು ಒಂದೂ ಇರಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಸಾಕಮ್ಮನವರೇ ಮಲಗಿದರು. ಬಿಡದ ಜ್ವರ. ಅವರು ಮದ್ದೂರಿನಲ್ಲಿ ತಮ್ಮನ ಮನೆಯಲ್ಲಿದ್ದಾಗ ನೋಡಲು ಹೋದೆ. ಕತ್ತಿಯ ಅಧ್ಯಾಯ ನಕಲಾಯಿತೇ ಎಂದು ಕೇಳಿದರು. ಆಯಿತು, ನಾಳೆ ಎಲ್ಲವನ್ನೂ ಅಂಚೆಗೆ ಹಾಕುತ್ತೇನೆ ಎಂದೆ. ಸಾಕಮ್ಮ ನನ್ನ ಕಡೆಗೆ ಮಗ್ಗುಲಾದರು.

“ಅದ್ನ ತೆಗ್ದಾಕ್ಬುಡು ತಾಯಿ. ಬರ್ದೋಳು ನಾನೇಯ. ಆದ್ರೆ ಅದು ನಮ್ಮೂರಲ್ಲ.”

“ಅಚ್ಚಾಗದೇ ಹೋದರೆ, ಅಕ್ಕಾ?”

“ಆಗ್ದಿದ್ರೆ ಬುಡು. ಸುಳ್ಳು ಏಳೋಕೂ ತ್ರಾಣ ಬೇಕು ಕಣಮ್ಮ. ನಂಗಿಲ್ಲ.”

ಆ ಅಧ್ಯಾಯ ತೆಗೆದು, ಮಿಕ್ಕದ್ದನ್ನು ಕಳಿಸಿದೆ. ಮೈಸೂರಿನಿಂದ ಕಟ್ಟು ತಿರುಗಿ ಬಂದಾಗ ಸಾಕಮ್ಮ ಇರಲಿಲ್ಲ. ಅದರ ಮೇಲೆ ನನ್ನ ವಿಳಾಸವಿತ್ತು. ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದ. ಕುದಿಯುತ್ತಿದ್ದ ಸಾರನ್ನು ಕೆಳಗಿಳಿಸಿ, ಕೈ ಒರೆಸಿಕೊಂಡು, ಸಹಿ ಹಾಕಿ ತೆಗೆದುಕೊಂಡೆ.